ಬಿಳಿ ಪೆಟ್ಟಿಗೆಯ ಷರಾ

ಸಂಶೋಧನೆ ಮಾಡುವವರಿಗೆ ಒಂದು ಕಾಯಿಲೆ ಇರುತ್ತದೆ. ಎದುರಿಗೆ ಕೂತವರು ಏನು ಹೇಳಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಆಮೇಲೆ ಟೇಪು ಹಿಡಿದುಕೊಂಡು ಅದನ್ನೇ ಹೇಳುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಮೈಸೂರಿನ ಸಂಶೋಧನಾ ಲೋಕದಲ್ಲಿ ಎಂಎ ಓದುವಾಗಿನಿಂದ ಕೆಲವು ವರ್ಷ ಫೈಲು ಹಿಡಿದು ಓಡಾಡಿದ್ದೇನೆ. ಸೆಮಿನಾರಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು, ನಿದ್ದೆ ಮಾಡುತ್ತಾ ಕೇಳಿದ ಪ್ರಬಂಧವನ್ನು ಬಹಳ ಚೆನ್ನಾಗಿತ್ತು ಸರ್ ಎಂದು ಹೊಗಳಿದ್ದೇನೆ. ಹಾಗಾಗಿ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಪಿಎಚ್‌ಡಿಗೆ ಸೇರಿದ ಮೊದಲ ವಾರವೇ ನನ್ನ ಮಾರ್ಗದರ್ಶಕರು ಕೋಣೆಗೆ ಕರೆಸಿದರು. ಸಮಾಜಶಾಸ್ತ್ರದಲ್ಲಿ ದೊಡ್ಡ ಹೆಸರು. ಇಸ್ತ್ರಿ ಮಾಡಿದ ಖಾದಿ ಜುಬ್ಬಾ ಹಾಕಿಕೊಂಡು ಬಡವರ ಬಗ್ಗೆ ಮಾತಾಡುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು, ಕೋಣೆ ಗುಡಿಸಲು ಬರುವ ಹೆಂಗಸು ಬಾಗಿಲಲ್ಲಿ ನಿಂತಿದ್ದರೆ ಮಾತ್ರ ಕಾಣುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಒಂದು ವಿಷಯ ಇಟ್ಟುಕೊಂಡು ಹೋಗಿದ್ದೆ. ಈ ಊರಿನ ಹವೆ ಅಳೆದವರ ಚರಿತ್ರೆ. ಮಳೆ ಎಷ್ಟು ಬಿತ್ತು, ಬಿಸಿಲು ಎಷ್ಟು ಏರಿತು ಎಂದು ದಿನದಿನವೂ ನೋಡಿ ಬರೆದಿಟ್ಟವರು ಯಾರು, ಹೇಗೆ ಬರೆದರು, ಆ ಬರಹ ಆಮೇಲೆ ಏನಾಯಿತು ಎಂಬುದು ನನ್ನ ಪ್ರಶ್ನೆ. ಸರ್ ಫೋನು ನೋಡುತ್ತಲೇ ಕೇಳಿಸಿಕೊಂಡರು.

“ನಿಮ್ಮ ತಂದೆ ಏನ್ ಮಾಡ್ತಾರಮ್ಮ?”

“ಕಾಲೇಜಲ್ಲಿ ಲ್ಯಾಬ್ ಅಟೆಂಡರ್ ಆಗಿದ್ರು ಸರ್. ಈಗ ರಿಟೈರ್ ಆಗಿದ್ದಾರೆ.”

“ಅದಲ್ಲ. ಕುಲಕಸುಬು?”

ನಾವು ದಲಿತರು. ಅದು ಅವರಿಗೆ ನನ್ನ ಅರ್ಜಿಯಿಂದಲೇ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದರು. ಬಾರದಿದ್ದಾಗ ಅವರೇ ದಾರಿ ತೋರಿಸಿದರು. “ಚರ್ಮ ಹದ ಮಾಡೋದರಲ್ಲಿ ಎಷ್ಟು ಕೆಮಿಸ್ಟ್ರಿ ಇದೆ ಗೊತ್ತಾ? ದೇಸಿ ವಿಜ್ಞಾನ ಅದು! ಯಾರೂ ಬರೆದಿಲ್ಲ. ನಿಮ್ಮವರ ವಿಷಯ ನೀವೇ ಬರೀಬೇಕಮ್ಮ. ಒಳಗಿನವರಿಗೆ ಇರೋ ನೋಟ ನಮ್ಮಂಥೋರಿಗೆ ಎಲ್ಲಿಂದ ಬರಬೇಕು?”

ನನ್ನ ಮುತ್ತಜ್ಜ ಇನ್ನೊಬ್ಬರ ಗದ್ದೆಯಲ್ಲಿ ಕೂಲಿ. ಅಜ್ಜ ಹಳ್ಳಿ ಬಿಟ್ಟು ಮೈಸೂರಿಗೆ ಬಂದು ಗಾರೆ ಕೆಲಸ ಕಲಿತ. ಅಪ್ಪ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಅಟೆಂಡರ್ ಆದ. ನಮ್ಮ ಮನೆಯಲ್ಲಿ ಚರ್ಮ ಅಂತ ಇದ್ದದ್ದು ಅಪ್ಪನ ಚಪ್ಪಲಿ ಮಾತ್ರ, ಅದೂ ಆಮೇಲೆ ರೆಕ್ಸಿನ್ ಆಯಿತು. ಚರ್ಮ ಹದ ಮಾಡಿದವರ ಮೇಲೆ ನನಗೆ ತಾತ್ಸಾರವಿಲ್ಲ. ಅವರದು ದೊಡ್ಡ ವಿದ್ಯೆ, ಆ ವಿದ್ಯೆ ನಮಗೆ ಬರುವುದಿಲ್ಲ, ಅಷ್ಟೆ. ಅದೇ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹುಡುಗ ಪುರೋಹಿತರ ಮನೆಯವನು. ಅವನು ಫ್ರಾನ್ಸಿನ ಕ್ರಾಂತಿಯ ಮೇಲೆ ಪ್ರಬಂಧ ಬರೆಯುತ್ತಿದ್ದ. ಅವನ ಕುಲಕಸುಬನ್ನು ಯಾರೂ ಕೇಳಿರಲಿಲ್ಲ.

ನಾನು ಹಟ ಬಿಡಲಿಲ್ಲ. ಕೊನೆಗೆ ಸರ್ ಒಂದು ರಾಜಿಗೆ ಬಂದರು. ವಿಷಯ ಒಪ್ಪುವ ಕಮಿಟಿ ಮೂರು ತಿಂಗಳಲ್ಲಿ ಸೇರುತ್ತದೆ. ಅದರಲ್ಲಿ ಹೊರಗಿನ ತಜ್ಞೆಯಾಗಿ ದೆಹಲಿಯ ಒಬ್ಬ ಪ್ರೊಫೆಸರ್ ಇರುತ್ತಾರೆ, ವಿಜ್ಞಾನದ ಚರಿತ್ರೆಯೇ ಅವರ ವಿಷಯ. ಅದಕ್ಕೆ ಮೊದಲು ಅವರು ತಮ್ಮದೇ ಕೆಲಸಕ್ಕೆ ಮೈಸೂರಿಗೆ ಬರುವವರಿದ್ದಾರೆ. ಅವರಿಗೆ ನಾನು ಅನುವಾದ ಮಾಡಬೇಕು, ನಮ್ಮ ತಂದೆಯ ಸಂದರ್ಶನ ಮಾಡಿಸಬೇಕು. “ಅವರು ಹೂಂ ಅಂದ್ರೆ ನನ್ನದೇನೂ ಅಡ್ಡಿಯಿಲ್ಲ” ಅಂದರು ಸರ್. ನನಗೆ ಕುಣಿಯುವಷ್ಟು ಖುಷಿಯಾಯಿತು. ವಿಜ್ಞಾನದ ಚರಿತ್ರೆ ಬರೆಯುವವರು ನಮ್ಮ ಮನೆಗೇ ಬಂದು ಅಪ್ಪನ ಮಾತು ಕೇಳಿದರೆ ನನ್ನ ವಿಷಯ ಪಾಸಾದ ಹಾಗೇ ಎಂದು ನಂಬಿದೆ.

ಅಪ್ಪನ ಕೆಲಸ ಏನೆಂದು ಹೇಳಬೇಕು. ಕಾಲೇಜಿನ ಹಿಂದುಗಡೆ ಹುಲ್ಲಿನ ಜಾಗದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಒಂದು ಬಿಳಿ ಮರದ ಪೆಟ್ಟಿಗೆ ಇತ್ತು. ಗಾಳಿ ಆಡಲಿ, ಬಿಸಿಲು ಬೀಳದಿರಲಿ ಎಂದು ಅದಕ್ಕೆ ಪಟ್ಟಿ ಪಟ್ಟಿ ಬಾಗಿಲು. ಒಳಗೆ ಥರ್ಮಾಮೀಟರುಗಳು. ಒಂದರ ಬುಡಕ್ಕೆ ತೆಳು ಬಟ್ಟೆ ಸುತ್ತಿ, ಬಟ್ಟೆಯ ಬಾಲವನ್ನು ನೀರಿನ ಕುಪ್ಪಿಗೆ ಇಳಿಬಿಟ್ಟಿರುತ್ತಿದ್ದರು. ಅಪ್ಪ ಅದನ್ನು ಒದ್ದೆ ಕಡ್ಡಿ ಅನ್ನುತ್ತಿದ್ದ, ಇನ್ನೊಂದು ಒಣ ಕಡ್ಡಿ. ಬೆಳಿಗ್ಗೆ ಎಂಟೂವರೆಗೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯಬೇಕಾದ್ದು ವಿಭಾಗದ ಮೇಷ್ಟ್ರು. ಬರೆಯುತ್ತಿದ್ದದ್ದು ಅಪ್ಪ. ತಿಂಗಳ ಕೊನೆಗೆ ಸಹಿ ಮಾತ್ರ ಮೇಷ್ಟ್ರದು.

ಭಾನುವಾರ, ದಸರಾ, ಅತ್ತೆಯ ಮದುವೆ, ಯಾವುದೂ ಲೆಕ್ಕಕ್ಕಿರಲಿಲ್ಲ. ಬೋಗಾದಿಯಿಂದ ಸೈಕಲ್ ಹೊಡೆದುಕೊಂಡು ಹೋಗಿ ನೋಡಿ ಬರೆದು ಬರುತ್ತಿದ್ದ. ಅಮ್ಮ ಬೈದರೆ, “ಒಂದ್ ದಿನ ತಪ್ಪುದ್ರೆ ಆ ದಿನ ಎಲ್ಲಿಂದ ತರ್ಲಿ?” ಅನ್ನುತ್ತಿದ್ದ. ನಲ್ಲಿ ನೀರು ಹಾಕಿದರೆ ಒದ್ದೆ ಕಡ್ಡಿಯ ಬಟ್ಟೆ ಬೆಳ್ಳಗೆ ಬಿರುಸಾಗಿ ಸುಳ್ಳು ಹೇಳುತ್ತದೆ ಎಂದು ಕಂಡುಕೊಂಡು ಮಳೆನೀರನ್ನು ಸೋಸಿ ಬಾಟಲಿಯಲ್ಲಿ ಇಟ್ಟುಕೊಂಡಿರುತ್ತಿದ್ದ. ಆ ಬಟ್ಟೆಗೆಂದು ತನ್ನ ಹಳೇ ಪಂಚೆಯನ್ನು ಗಂಜಿ ಹೋಗುವವರೆಗೆ ಒಗೆದು ತುಂಡು ಮಾಡಿ ಟ್ರಂಕಿನಲ್ಲಿ ಮಡಿಸಿಟ್ಟಿದ್ದ.

ದೆಹಲಿಯ ಮೇಡಂ ಬಂದರು. ಟ್ಯಾಕ್ಸಿಯಿಂದ ಇಳಿದವರೇ ಇದೇ ಮನೆಯಾ ಎಂದು ಎರಡು ಸಲ ಕೇಳಿದರು. ನಮ್ಮದು ಬೋಗಾದಿಯ ಹಳೇ ಊರೊಳಗಿನ ಮನೆ. ಸುತ್ತಲೂ ಬಡಾವಣೆಗಳು ಎದ್ದ ಮೇಲೆ ನಾವೂ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿ ನೆಲಕ್ಕೆ ಬಿಳಿ ಟೈಲ್ಸ್ ಹಾಕಿಸಿದ್ದೆವು. ಆ ಟೈಲ್ಸ್ ನೋಡಿ ಮೇಡಂ ಮುಖ ಇಳಿದುಹೋಯಿತು. ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ತನ್ನ ಸ್ವಂತದ ನೋಟ್‌ಬುಕ್ಕುಗಳನ್ನು ಟೀಪಾಯಿ ಮೇಲೆ ಜೋಡಿಸಿಟ್ಟು ಕಾಯುತ್ತಿದ್ದ. ಮೇಡಂ ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿ ತಲೆಯಾಡಿಸಿದರು. ಟೇಪು ಆನ್ ಮಾಡಿ ಮೊದಲ ಪ್ರಶ್ನೆ ಕೇಳಿದರು. ತೊಗಲನ್ನು ಯಾವ ಮರದ ತೊಗಟೆಯಲ್ಲಿ ನೆನೆಸುತ್ತಿದ್ದಿರಿ?

ನಾನು ಕನ್ನಡಕ್ಕೆ ತಿರುಗಿಸಿದೆ. ಅಪ್ಪ ನನ್ನ ಮುಖ ನೋಡಿದ.

“ನಮ್ಮನೇಲಿ ಯಾರೂ ಆ ಕೆಲ್ಸ ಮಾಡಿಲ್ಲ ಮೇಡಂ. ನಮ್ಮಪ್ಪ ಗಾರೆ ಕೆಲ್ಸ ಮಾಡ್ತಿತ್ತು.”

ಮೇಡಂ ಪುಸ್ತಕದಲ್ಲಿ ಏನೋ ಗೀಚಿಕೊಂಡರು. ಪಕ್ಕದಲ್ಲೇ ಕೂತಿದ್ದ ನನಗೆ ಕಾಣಿಸಿತು. ನಾಚಿಕೆಯಿಂದ ನಿರಾಕರಿಸುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಇಲ್ಲ ಅಂದರೂ ಇದೆ ಎಂದು ಬರೆದುಕೊಳ್ಳುವವರ ಎದುರು ಮನುಷ್ಯ ಏನು ತಾನೆ ಮಾಡಬೇಕು? ನನಗೆ ಮೈ ಉರಿಯಿತು. ಆದರೂ ನಗುನಗುತ್ತಾ ಕಾಫಿ ಕೊಟ್ಟೆ.

ಎರಡನೆಯ ಪ್ರಶ್ನೆ ಮಳೆಯದು. ಮಳೆ ಬರುವುದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಎಂದರು. ಅಪ್ಪನ ಮುಖ ಅರಳಿತು. ನೋಟ್‌ಬುಕ್ಕು ಬಿಚ್ಚಿ, ಬೆರಳಿನಲ್ಲಿ ತೋರಿಸುತ್ತಾ ಶುರು ಮಾಡಿದ. “ಒಣ ಕಡ್ಡಿಗೂ ಒದ್ದೆ ಕಡ್ಡಿಗೂ ನಡುವೆ ಅಂತರ ಕಮ್ಮಿ ಆಯ್ತಾ ಬಂದ್ರೆ ಗಾಳೀಲಿ ನೀರು ತುಂಬ್ಕೊಂಡದೆ ಅಂತ ಮೇಡಂ. ಆದ್ರೆ ಬರೀ ಅದ್ನೇ ನಂಬುಟ್ರೆ ಆಗಾಕಿಲ್ಲ, ಬಟ್ಟೆ ಎಂಗದೆ ಅಂತ ನೋಡ್ಬೇಕು. ಬಟ್ಟೆ ಕೊಳೆಯಾಗಿದ್ರೆ...”

ನಾನು ಅನುವಾದ ಮಾಡುತ್ತಿದ್ದಂತೆಯೇ ಮೇಡಂ ಟೇಪು ಆಫ್ ಮಾಡಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, ಇದೆಲ್ಲಾ ಪಠ್ಯಪುಸ್ತಕದಲ್ಲಿ ಇದೆ, ಅವರದೇ ಆದ ಜ್ಞಾನವನ್ನು ಕೇಳು, ಕಪ್ಪೆ, ಇರುವೆ, ಹಕ್ಕಿ, ಅಂಥದ್ದು. ನಾನು ಕೇಳಿದೆ. ಅಪ್ಪನಿಗೆ ಅವರ ಮೇಲೆ ಕನಿಕರ ಬಂತು.

“ಏನೋ ಒಂದು ಏಳ್ಬುಡ್ತೀನಿ ಬುಡು ಮಗ, ಪಾಪ ಅಷ್ಟ್ ದೂರದಿಂದ ಬಂದವ್ರೆ” ಅಂದು, “ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ” ಅಂದ.

ಮೇಡಂಗೆ ಜೀವ ಬಂದಹಾಗಾಯಿತು. ಟೇಪು ಮತ್ತೆ ಆನ್ ಆಯಿತು, ಇನ್ನೊಂದು ಸಲ ಹೇಳಿಸಿದರು. ಇದನ್ನು ಯಾರಿಂದ ಕಲಿತಿರಿ ಎಂದು ಕೇಳಿದಾಗ ಅಪ್ಪ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು ತೋರಿಸಿದ. ಆ ಗಾದೆ ಅದರಲ್ಲಿ ಅಚ್ಚಾಗಿತ್ತು. ನಾನು ನಿಜ ಹೇಳಬಹುದಿತ್ತು. ಆದರೆ ನನ್ನ ವಿಷಯ ಪಾಸಾಗಬೇಕಿತ್ತು. ‘ಹಿರಿಯರಿಂದ’ ಎಂದು ಅನುವಾದ ಮಾಡಿದೆ. ಹೋಗುವ ಮುಂಚೆ ಒಂದು ಫೋಟೋ ಬೇಕೆಂದರು. ಟೈಲ್ಸು, ಫ್ರಿಜ್ಜು ಬೇಡವೆಂದು ಪಕ್ಕದ ಮನೆಯ ಹಿತ್ತಲಿನ ಒರಳುಕಲ್ಲಿನ ಹತ್ತಿರ ಅಪ್ಪನನ್ನು ಕೂರಿಸಿದರು. ಆಮೇಲೆ ಜೇಬಿನ ಪೆನ್ನು ತೆಗೆಯಲು ಹೇಳು ಅಂದರು. ಅಪ್ಪ ತೆಗೆದು ನನ್ನ ಕೈಗೆ ಕೊಟ್ಟ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮೇಡಂ ಖುಷಿಯಾಗಿ ಹೋಗಿದ್ದಾರೆ, ಇನ್ನು ಕಾಗದದ ಆಧಾರ ಒಂದು ಸಿಕ್ಕರೆ ಕೆಲಸ ಆದಂತೆ ಎಂದುಕೊಂಡು ಕಾಲೇಜಿನ ಪ್ರಿನ್ಸಿಪಾಲರ ಅನುಮತಿ ಪಡೆದು ಉಗ್ರಾಣದಲ್ಲಿ ಹಳೇ ರಿಜಿಸ್ಟರುಗಳನ್ನು ಹುಡುಕಲು ಕೂತೆ. ಮುರಿದ ಬೆಂಚುಗಳ ಹಿಂದೆ ಸಿಕ್ಕಿದವು. ಪುಟಪುಟವೂ ಅಪ್ಪನ ಅಕ್ಷರ. ಅಂಕಿಗಳ ಕಾಲಂಗಳು ಮುಗಿದ ಮೇಲೆ ಬಲತುದಿಯಲ್ಲಿ ಷರಾ ಎಂಬ ಕಾಲಂ ಇತ್ತು, ಏನಾದರೂ ವಿಶೇಷವಿದ್ದರೆ ಬರೆಯುವುದಕ್ಕೆ. ಬೇರೆ ಯಾರೇ ಆಗಿದ್ದರೂ ಅದನ್ನು ಖಾಲಿ ಬಿಡುತ್ತಿದ್ದರು. ಅಪ್ಪ ಬಿಟ್ಟಿರಲಿಲ್ಲ. ‘ಇಲಿ ಬಟ್ಟೆ ಕಡಿದಿದೆ, ಬದಲಾಯಿಸಿದೆ.’ ‘ಮಳೆ ಡಬ್ಬದಲ್ಲಿ ಎಲೆ ಸಿಕ್ಕಿತ್ತು, ನಿನ್ನೆ ಮಳೆ ಕಮ್ಮಿ ತೋರಿಸಿರಬಹುದು.’ ಒಂದು ಬೇಸಿಗೆಯ ಪುಟದಲ್ಲಿ ಉದ್ದಕ್ಕೆ ಬರೆದಿದ್ದ: ‘ಪೆಟ್ಟಿಗೆಯನ್ನು ಹುಲ್ಲಿನ ಜಾಗದಿಂದ ಎತ್ತಿ ಸ್ಕೂಟರ್ ಸ್ಟ್ಯಾಂಡಿನ ಗೋಡೆ ಪಕ್ಕ ಇಟ್ಟಿದ್ದಾರೆ. ಗೋಡೆ ಕಾದಿರುತ್ತದೆ. ಇವತ್ತಿನಿಂದ ಸಂಜೆ ಅಂಕಿ ಮೇಲೆ ಬರುತ್ತದೆ. ಹಿಂದಿನದಕ್ಕೆ ಹೋಲಿಸಬಾರದು.’

ಪುಟದ ಮೇಲಿದ್ದ ತಿಂಗಳು, ವರ್ಷವನ್ನು ಎರಡೆರಡು ಸಲ ಓದಿದೆ. ಆ ವರ್ಷ ನಮ್ಮ ಇಲಾಖೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸರ್ ಹೆಸರು ಮಾಡಿದ್ದೇ ಆ ವರ್ಷದ ಮೇಲೆ. ಪ್ರತಿ ಸೆಮಿನಾರಿನಲ್ಲೂ ಈ ಕಾಲೇಜಿನ ಅಂಕಿಗಳಿಂದಲೇ ಮಾಡಿದ ಒಂದು ಗ್ರಾಫ್ ತೋರಿಸುತ್ತಿದ್ದರು. ಮೈಸೂರಿನ ಸಂಜೆಯ ಬಿಸಿ ಆ ಬೇಸಿಗೆಯಲ್ಲಿ ಒಮ್ಮೆಲೇ ಮೇಲಕ್ಕೆ ಜಿಗಿದು ಅಲ್ಲೇ ಕೂತುಬಿಡುತ್ತದೆ. ಅದೇ ವರ್ಷ ಜಗಲಿಗಳು ಹೋದವು, ಸಂಜೆ ಬೀದಿಯಲ್ಲಿ ಕೂತು ಮಾತಾಡುವ ಸಂಸ್ಕೃತಿ ಹೋಯಿತು, ಆಧುನಿಕತೆ ಊರಿನ ಮೈ ಹೊಕ್ಕಿತು, ಊರಿಗೆ ಜ್ವರ ಬಂತು ಎಂದು ಸರ್ ಹೇಳಿದರೆ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಊರು ಬಿಸಿಯಾಗಿದೆ, ಅದು ಬೀದಿಯಲ್ಲಿ ನಡೆಯುವ ಯಾರಿಗಾದರೂ ಗೊತ್ತು. ಆದರೆ ವರ್ಷಾನುಗಟ್ಟಲೆ ನಿಧಾನಕ್ಕೆ ಆಗಿದೆ. ಒಂದು ಸಂಜೆಗೆ ಜಿಗಿದದ್ದು ಊರಲ್ಲ, ಪೆಟ್ಟಿಗೆ. ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿದವರು ಷರಾ ಕಾಲಂ ಅನ್ನೇ ಬಿಟ್ಟಿದ್ದರು. ಅದರಲ್ಲಿ ಇದ್ದದ್ದು ಬರೀ ಕನ್ನಡ, ಅದೂ ಅಟೆಂಡರನದು.

ನಾನೆಂಥ ದಡ್ಡಿ ಎಂದರೆ, ಸರ್‌ಗೆ ತೋರಿಸಿದರೆ ಸಂತೋಷಪಡುತ್ತಾರೆ ಎಂದುಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ಓದಿದರೆ ಸಾಕಲ್ಲ ಎಂದು ಫೋನಿನಲ್ಲಿ ಪುಟದ ಫೋಟೋ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಓದಿದರು. ಎರಡನೇ ಸಲ ಓದಿದರು.

“ಅಟೆಂಡರ್ ಬರೆದಿದ್ದೆಲ್ಲಾ ಸೋರ್ಸ್ ಆಗಲ್ಲಮ್ಮ.”

“ಸರ್, ನಿಮ್ಮ ಗ್ರಾಫಿನ ಅಂಕಿಗಳನ್ನೂ ಅದೇ ಅಟೆಂಡರೇ ಬರೆದಿದ್ದು.”

ಅವರು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. “ಕಮಿಟಿಲಿ ನೋಡೋಣ” ಅಂದು ಕಿಟಕಿಯ ಕಡೆ ತಿರುಗಿದರು.

ಮಂಡಿ ಮೊಹಲ್ಲಾದ ಒಂದು ಅಂಗಡಿಯಲ್ಲಿ ಐದು ಪ್ರತಿ ಅಚ್ಚು ಹಾಕಿಸಿ ಸುರುಳಿ ತಂತಿ ಹಾಕಿಸಿದೆ. ಹನ್ನೆರಡು ಪುಟದ ಸಾರಲೇಖ, ಮೇಡಂಗೊಂದು ಇಂಗ್ಲಿಷಿನಲ್ಲಿ, ಉಳಿದವು ಕನ್ನಡದಲ್ಲಿ, ಸಂಶೋಧಕರು ಬಳಸುವ ಭಾಷೆಯಲ್ಲೇ, ಅವರು ಮೆಚ್ಚುವ ಹಾಗೆ. ಒಂದೊಂದು ವಾಕ್ಯವನ್ನೂ ತಿದ್ದಿ ತೀಡಿ ಗಂಭೀರ ಮಾಡಿದ್ದೆ. ಕಮಿಟಿಯ ದಿನ ಸರ್, ಇಲಾಖೆಯ ಇನ್ನಿಬ್ಬರು, ದೆಹಲಿಯ ಮೇಡಂ ಮೇಜಿನ ಆಚೆ ಕೂತಿದ್ದರು. ಗೋಡಂಬಿ, ಬಾಳೆಕಾಯಿ ಚಿಪ್ಸು ಇಟ್ಟಿದ್ದರು. ನಾನು ಷರಾದ ಪುಟವನ್ನು ಪರದೆ ಮೇಲೆ ತೋರಿಸಿ ವಿವರಿಸಿದೆ. ಸರ್ ಅವರ ಗ್ರಾಫಿನ ಮಾತನ್ನು ನಾನು ಎತ್ತಲಿಲ್ಲ, ಅಷ್ಟು ಮರ್ಯಾದೆ ಕಾಪಾಡಿದೆ. ಇಲಾಖೆಯವರಿಬ್ಬರು ಚಿಪ್ಸು ತಿನ್ನುತ್ತಾ, ಪರವಾಗಿಲ್ಲ, ಹೊಸದಾಗಿದೆ ಅಂದರು. ಒಂದು ಕ್ಷಣ ಗೆದ್ದೆ ಅನ್ನಿಸಿತು.

ಆಗ ಸರ್ ಏನೂ ಗೊತ್ತಿಲ್ಲದವರಂತೆ ಕೇಳಿದರು. “ಇದನ್ನ ಬರೆದೋರು ಯಾರು?”

ನಾನು ಬಾಯಿ ತೆರೆಯುವ ಮೊದಲೇ ಮೇಡಂ ನೆನಪಿಸಿಕೊಂಡರು. ಓ, ಆ ಕಾಲೇಜಿನ ಅಟೆಂಡರ್ ಅಂದರೆ ಇವಳ ತಂದೆಯೇ ಅಲ್ಲವೆ, ನಾನು ಅವರ ಮನೆಗೆ ಹೋಗಿದ್ದೆ, ಎಷ್ಟು ಒಳ್ಳೆಯ ಮನುಷ್ಯ, ಎಂಥ ಜಾನಪದ ಸಂಪತ್ತು ಇದೆ ಅವರ ಬಳಿ ಎಂದರು. ಸರ್ ಪೆನ್ನು ಕೆಳಗಿಟ್ಟರು. ದುಃಖವಾದವರಂತೆ ತಲೆಯಾಡಿಸಿದರು.

“ಮೊದಲೇ ಹೇಳಬೇಕಿತ್ತಲ್ಲಮ್ಮ. ಮಗಳು ತಂದೆ ಮೇಲೆ ಸಂಶೋಧನೆ ಮಾಡಿದ್ರೆ ಅದರಲ್ಲಿ ವಸ್ತುನಿಷ್ಠತೆ ಎಲ್ಲಿರುತ್ತೆ? ನಾಳೆ ಯಾರಾದ್ರೂ ಪಕ್ಷಪಾತ ಅಂದ್ರೆ ನಿಮಗೇ ತೊಂದರೆ.”

“ಸರ್, ಚರ್ಮದ ವಿಷಯಕ್ಕೆ ನಿಮ್ಮವರ ಬಗ್ಗೆ ನೀವೇ ಬರೀಬೇಕು ಅಂದಿದ್ರಿ.”

“ಅದು ಬೇರೆ. ಅದರಲ್ಲಿ ನೀವು ಒಳಗಿನವರು.”

ನಾಲ್ಕು ಜನ ಓದಿದವರು ಎದುರಿಗೆ ಕೂತಿದ್ದರು. ಒಬ್ಬರಿಗೂ ನಗು ಬರಲಿಲ್ಲ. ನಮ್ಮಪ್ಪ ಮುಟ್ಟದ ಚರ್ಮದ ಬಗ್ಗೆ ಬರೆದರೆ ಅವನ ಮಗಳಾಗಿರುವುದು ಅರ್ಹತೆ. ಅವನು ಬದುಕೆಲ್ಲಾ ಹಿಡಿದ ಥರ್ಮಾಮೀಟರಿನ ಬಗ್ಗೆ ಬರೆದರೆ ಅವನ ಮಗಳಾಗಿರುವುದು ದೋಷ. ಇದನ್ನು ಅಲ್ಲೇ ಹೇಳಿದೆ. ಮೇಡಂ ನನ್ನ ನೋವು ತಮಗೆ ಅರ್ಥವಾಗುತ್ತದೆ ಎಂದರು, ಆ ನೋವನ್ನೇ ಯಾಕೆ ಬರೆಯಬಾರದು ಎಂದೂ ಸೇರಿಸಿದರು. ವಿಷಯ ತಿರಸ್ಕೃತ ಎಂದು ಬರೆದು ನಾಲ್ಕೂ ಜನ ಸಹಿ ಹಾಕಿದರು. ಚರ್ಮಕ್ಕೆ ಒಪ್ಪಿದರೆ ಇವತ್ತೇ ಪಾಸು ಮಾಡುತ್ತೇವೆ ಅಂದರು. ಒಪ್ಪಲಿಲ್ಲ. ಫೈಲು ಎತ್ತಿಕೊಂಡು ಬಂದುಬಿಟ್ಟೆ. ಈಗ ಶ್ರೀರಾಂಪುರದ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳುತ್ತೇನೆ, ಹೊಟ್ಟೆಗೇನೂ ಕೊರತೆಯಿಲ್ಲ. ಸರ್ ಇಂದಿಗೂ ಗ್ರಾಫ್ ತೋರಿಸುತ್ತಾರಂತೆ.

ಆ ಸಂಜೆ ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಎಲ್ಲವನ್ನೂ ಹೇಳಿದೆ, ಸರ್ ಅಂದದ್ದು, ಮೇಡಂ ಅಂದದ್ದು, ಒಂದನ್ನೂ ಬಿಡದೆ, ಅವರನ್ನು ಅಣಕಿಸಿ ತೋರಿಸುತ್ತಾ. ಅಪ್ಪ ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. “ವೋಗ್ಲಿ ಬುಡು. ನೀ ಬರ್ದಿರದು ಕೊಡು, ನೋಡವ” ಅಂದ. ಸಾರಲೇಖದ ಪ್ರತಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು, ಒಂದೊಂದು ಸಾಲಿನ ಕೆಳಗೂ ಬೆರಳು ಇಟ್ಟುಕೊಂಡು ಮೊದಲಿಂದ ಕೊನೆಯವರೆಗೆ ಓದಿದ. ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದ. ಏನನ್ನೋ ಹುಡುಕುತ್ತಿದ್ದಾನೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

“ನಾನು ಎಲ್ಲಿವ್ನಿ ಮಗ ಇದ್ರಲ್ಲಿ?”

ನಾನು ಎದ್ದು ಹೋಗಿ ಐದನೇ ಪುಟ ತೆಗೆದು ತೋರಿಸಿದೆ. ಅಪ್ಪ ಗಟ್ಟಿಯಾಗಿ ಓದಿದ. “ಕೆಳಹಂತದ ಸಿಬ್ಬಂದಿಯೊಬ್ಬರು ದಾಖಲಿಸಿರುವಂತೆ.” ಬೆರಳು ಅಲ್ಲೇ ನಿಂತಿತ್ತು. ಸಂಶೋಧನೆಯಲ್ಲಿ ಹೆಸರು ಬರೆಯುವ ಪದ್ಧತಿ ಇಲ್ಲ ಎಂದು ಹೇಳಲು ಹೊರಟೆ. ಆದರೆ ಅದೇ ಪುಟದ ಕೆಳಗೆ ಸರ್ ಹೆಸರು, ಅವರ ಲೇಖನದ ಹೆಸರು, ಪುಟಸಂಖ್ಯೆ ಎಲ್ಲವನ್ನೂ ನಾನೇ ಹಾಕಿದ್ದೆ.

“ಇಂಗ್ ಬರಿ ಅಂತ ಅವ್ರು ಏಳುದ್ರಾ?”

ಹೌದು ಅಂದಿದ್ದರೆ ನಂಬುತ್ತಿದ್ದ. ನಂಬುವುದಕ್ಕೇ ಕಾಯುತ್ತಿದ್ದ ಹಾಗಿತ್ತು.

“ಇಲ್ಲ ಅಪ್ಪ” ಅಂದೆ. “ನಾನೇ ಬರ್ದಿದ್ದು.”